ಹತ್ತೂ ಹದಿನೈದರ ಬಸ್ಸು

ನಗರದ ಬಸ್ಸುಗಳ ವೇಳಾಪಟ್ಟಿ ಬರೆಯುವುದು ನನ್ನ ಕೆಲಸ. ಯಾವ ಬಸ್ಸು ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರುತ್ತದೆಂದು ಕಂಪ್ಯೂಟರಿನಲ್ಲಿ ತುಂಬಿಸುತ್ತೇನೆ. ಸಂಜೆ ಒಂದು ಗುಂಡಿ ಒತ್ತಿದರೆ ಅದು ಊರಿನವರೆಲ್ಲರ ಫೋನಿನ ನಕ್ಷೆಗೆ ಹೋಗಿ ಕೂರುತ್ತದೆ. ಜನ ಅದನ್ನು ನೋಡಿಕೊಂಡು ಮನೆ ಬಿಡುತ್ತಾರೆ. ಆ ನಕ್ಷೆಯ ಹಿಂದೆ ನನ್ನಂಥ ಒಬ್ಬ ಕುಳಿತಿದ್ದಾನೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವಳು ಅಕ್ಕ ಒಬ್ಬಳೇ. ಅವಳೋ, ಸಿಕ್ಕಸಿಕ್ಕವರಿಗೆಲ್ಲ ಸಾರಿಕೊಂಡು ಬರುತ್ತಿದ್ದಳು.

ಅಕ್ಕ ನನ್ನನ್ನು ಕರೆಯುವುದು ಮೊಂಡ ಎಂದು. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹದಿನೇಳು. ಉಣ್ಣುವುದಿಲ್ಲವೆಂದು ಹಠ ಹಿಡಿದು ಬಾಗಿಲ ಹಿಂದೆ ನಿಂತವನ ಮುಂದೆ ತುತ್ತು ಹಿಡಿದು ಗಂಟೆಗಟ್ಟಲೆ ಕಾದವಳು ಅವಳು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಬುದ್ಧಿ ನನಗೆ ಆಗಲೇ ಇತ್ತು. ಈಗ ನನಗೆ ನಲವತ್ತೆಂಟು, ಮೊಲಕ್ಕೆ ಇನ್ನೂ ಮೂರೇ ಕಾಲು.

ಭಾವ ಶ್ವಾಸಕೋಶದ ಕಾಯಿಲೆಯಿಂದ ಊರಾಚೆಯ ಆಸ್ಪತ್ರೆ ಸೇರಿದ ಮೇಲೆ ಅಕ್ಕ ದಿನವೂ ಹೋಗಿಬರಬೇಕಾಯಿತು. ಅಲ್ಲಿಯ ತನಕ ಮಾರುಕಟ್ಟೆ ದಾಟಿ ಒಬ್ಬಳೇ ಹೋದವಳಲ್ಲ. ಒಂದು ಭಾನುವಾರ ಕೂರಿಸಿಕೊಂಡು ಫೋನಿನಲ್ಲಿ ನಕ್ಷೆ ನೋಡುವುದನ್ನು ಕಲಿಸಿದೆ.

"ಈ ನೀಲಿ ಚುಕ್ಕೆ ಇದೆಯಲ್ಲ, ಅದು ನೀನು."

"ಅಯ್ಯೋ, ಇಷ್ಟು ದಪ್ಪ ಇದೀನಾ?"

ಬಾಣದ ಗುರುತು ನೆಟ್ಟಗಾಗಲೆಂದು ಬೀದಿಯಲ್ಲಿ ಫೋನು ಹಿಡಿದು ಬುಗುರಿಯಂತೆ ಸುತ್ತಿದಳು. ಮೊದಲ ದಿನ ಎದುರು ದಿಕ್ಕಿನ ಬಸ್ಸು ಹತ್ತಿ, ಊರಿನ ಇನ್ನೊಂದು ತುದಿ ನೋಡಿಕೊಂಡು ಬಂದಳು. ವಾರ ಕಳೆಯುವುದರೊಳಗೆ ಭಾವನ ಪಕ್ಕದ ಹಾಸಿಗೆಯವರ ಸೊಸೆಗೇ ದಾರಿ ಹೇಳಿಕೊಡುವಷ್ಟು ಪಳಗಿದಳು. "ಟೈಮು ಬರೆಯೋನು ನನ್ನ ತಮ್ಮ. ಅದರಲ್ಲಿ ಬಸ್ ಇದೆ ಅಂದ್ರೆ ಇದೆ" ಎಂದು ಅವಳು ಹೇಳುವಾಗ ಭಾವ ಆಮ್ಲಜನಕದ ಮುಖವಾಡದೊಳಗೇ ನಗುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ಗುರುವಾರ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು, ಬಸ್ಸುಗಳು ಸಾಲುತ್ತಿಲ್ಲ, ಸೋಮವಾರದಿಂದ ಹನ್ನೆರಡನೇ ನಂಬರಿನ ಹತ್ತೂ ಹದಿನೈದರ ಬಸ್ಸು ಓಡುವುದಿಲ್ಲ, ಪಟ್ಟಿಯಿಂದ ತೆಗೆ ಎಂದರು.

"ಆದೇಶದ ಕಾಗದ ಕೊಡಿ ಸಾರ್."

"ಕಾಗದ ಆಮೇಲೆ ಬರುತ್ತೆ ಕಣಯ್ಯ. ನೀನು ತೆಗಿ."

"ಬಂದ ಮೇಲೇ ತೆಗೀತೀನಿ ಸಾರ್."

ಎರಡು ವರ್ಷದ ಹಿಂದೆ ಇವರೇ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಒಂದು ಬಸ್ಸನ್ನು ಪಟ್ಟಿಯಿಂದ ತೆಗೆದಿದ್ದೆ. ಗಲಾಟೆಯಾದಾಗ ಇವರು ತಾವು ಹೇಳೇ ಇಲ್ಲ ಎಂದು ಕೈ ತೊಳೆದುಕೊಂಡರು, ನನಗೆ ನೋಟಿಸು ಬಂತು. ಅಂದಿನಿಂದ ಕಾಗದವಿಲ್ಲದೆ ಒಂದು ನಿಮಿಷವನ್ನೂ ಅತ್ತಿತ್ತ ಮಾಡುವುದಿಲ್ಲವೆಂದು ಪಟ್ಟು ಹಿಡಿದಿದ್ದೆ. ನಿಯಮವೂ ನನ್ನ ಕಡೆಗೇ ಇತ್ತು.

ಸೋಮವಾರ ಬಸ್ಸು ಓಡಲಿಲ್ಲ. ನಕ್ಷೆಯಲ್ಲಿ ಮಾತ್ರ ಓಡಿತು. ನಮ್ಮ ಬಸ್ಸುಗಳು ಎಲ್ಲಿವೆ ಎಂದು ತಿಳಿಸುವ ಯಂತ್ರ ಅವುಗಳಲ್ಲಿಲ್ಲ. ನಾನು ಬರೆದದ್ದನ್ನೇ ನಕ್ಷೆ ನಂಬುತ್ತದೆ. ಮಧ್ಯಾಹ್ನದೊಳಗೆ ಇಬ್ಬರು ಫೋನು ಮಾಡಿ ಬೈದರು. ಅವರ ದೂರನ್ನು ನಾನು ದುಂಡಗಿನ ಅಕ್ಷರಗಳಲ್ಲಿ ಬರೆದಿಟ್ಟುಕೊಂಡೆ.

"ಇನ್ನೂ ನಾಲ್ಕು ಬರಲಿ, ಸಾಹೇಬರಿಗೆ ಬುದ್ಧಿ ಬರುತ್ತೆ" ಎಂದೆ.

"ಅಲ್ಲಿ ನಿಂತಿರೋರ ಗತಿ?" ಎಂದಳು ಪಕ್ಕದ ಮೇಜಿನವಳು.

"ಅದನ್ನ ಸಾಹೇಬರನ್ನ ಕೇಳು."

ಅಕ್ಕ ಆಸ್ಪತ್ರೆಗೆ ಹೋಗುತ್ತಿದ್ದುದು ಅದೇ ನಂಬರಿನ ಒಂಬತ್ತು ಗಂಟೆಯ ಬಸ್ಸಿಗೆ, ಹಾಗಾಗಿ ಅವಳ ನೆನಪೇ ನನಗೆ ಬರಲಿಲ್ಲ. ಬಂದಿದ್ದರೆ ತೆಗೆಯುತ್ತಿದ್ದೆನೇ? ಖಂಡಿತ ತೆಗೆಯುತ್ತಿದ್ದೆ. ಅದೇ ನನ್ನನ್ನು ಇವತ್ತಿಗೂ ಸುಡುವುದು. ಉಳಿದವರ ಅಕ್ಕಂದಿರು ನನಗೆ ಲೆಕ್ಕಕ್ಕೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಭಾವನಿಗೆ ಏನೋ ಪರೀಕ್ಷೆಗಳಿವೆ, ಮಧ್ಯಾಹ್ನ ಬಂದರೆ ಸಾಕು ಎಂದು ಆಸ್ಪತ್ರೆಯವರು ಹೇಳಿದ್ದರು. ಅಕ್ಕ ಮನೆಯಲ್ಲೇ ಇದ್ದಳು. ಹತ್ತು ಗಂಟೆಗೆ ನರ್ಸ್ ಫೋನು ಮಾಡಿ, "ಬೇಗ ಬಂದುಬಿಡಿ ಅಮ್ಮಾ" ಎಂದಳು. ಅಕ್ಕ ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ನಿಲ್ದಾಣಕ್ಕೆ ಓಡಿದಳು. ನಕ್ಷೆ ನೋಡಿದಳು. ಹನ್ನೆರಡನೇ ನಂಬರು, ನಾಲ್ಕು ನಿಮಿಷದಲ್ಲಿ.

ಒಂದು ಟ್ಯಾಕ್ಸಿ ಅವಳ ಮುಂದೆ ನಿಂತಿತು. ಅವಳ ಮುಖ ನೋಡಿಯೇ ಇರಬೇಕು, ಟ್ಯಾಕ್ಸಿಯವನು ಎರಡು ಸಲ ಕರೆದ. ಬಸ್ಸು ಈಗಲೇ ಬರುತ್ತೆ, ಬೇಡಪ್ಪ ಎಂದಳು. ಹತ್ತೂ ಹದಿನೈದು ದಾಟಿತು. ಹೊತ್ತು ಮೀರಿದ ಬಸ್ಸನ್ನು ನಕ್ಷೆ ಸದ್ದಿಲ್ಲದೆ ಅಳಿಸಿ ಮುಂದಿನದನ್ನು ತೋರಿಸುತ್ತದೆ. ಅದು ಹತ್ತೂ ಐವತ್ತೈದಕ್ಕೆ. ಮೊದಲಿನ ಬಸ್ಸು ತಡವಾಗಿದೆ, ತಾನು ಕದಲಿದ ಕೂಡಲೇ ಬಂದುಬಿಡುತ್ತದೆ ಎಂದು ಅವಳು ನಿಂತೇ ಇದ್ದಳು. ತುತ್ತು ಹಿಡಿದು ಕಾದು ಗೊತ್ತಿದ್ದವಳಲ್ಲವೇ, ಕಾಯುವುದು ಅವಳಿಗೆ ಹೊಸದಲ್ಲ.

ಭಾವ ತೀರಿಕೊಂಡದ್ದು ಹತ್ತೂ ಐವತ್ತಕ್ಕೆ. ಅಕ್ಕ ಆಸ್ಪತ್ರೆ ಮುಟ್ಟಿದಾಗ ಹನ್ನೊಂದೂವರೆ. ಟ್ಯಾಕ್ಸಿ ಹತ್ತಿದ್ದರೆ ಇಪ್ಪತ್ತೇ ನಿಮಿಷದ ದಾರಿ. "ಬಂದ್ಲಾ ಅಂತ ಎರಡು ಸಲ ಕೇಳಿದ್ರು" ಎಂದು ನರ್ಸ್ ಹೇಳಿದಳಂತೆ. ಸಮಾಧಾನವಾಗಲೆಂದೇ ಹೇಳಿರಬೇಕು.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ನಾನು ಮಾಡಿದ್ದನ್ನು ಅಕ್ಕ ಉಂಡಳು. ಬುಧವಾರ ಆದೇಶದ ಕಾಗದ ಬಂತಂತೆ. ನಾನು ರಜೆಯಲ್ಲಿದ್ದೆ, ಪಕ್ಕದ ಮೇಜಿನವಳೇ ಆ ಬಸ್ಸನ್ನು ಅಳಿಸಿದಳು.

ಎರಡು ವಾರ ನಾನು ಬಾಯಿ ಬಿಡಲಿಲ್ಲ. ಬಂದ ನೆಂಟರ ಮುಂದೆ ಅಕ್ಕ ನನ್ನ ಪರವಾಗಿಯೇ ವಾದಿಸುತ್ತಿದ್ದಳು. "ಅವನು ಸರಿಯಾಗೇ ಬರೆದಿದ್ದ. ಓಡಿಸೋನು ಓಡಿಸದಿದ್ರೆ ಅವನೇನು ಮಾಡ್ತಾನೆ?" ಎನ್ನುತ್ತಿದ್ದಳು. ನಾನು ಎದ್ದು ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆಯುತ್ತಿದ್ದೆ. ದಿನಕ್ಕೆ ಎಷ್ಟು ಸಲ ಮುಖ ತೊಳೆದೆನೋ.

ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಗೆರೆ ಹಾಕಿದ ಹಾಳೆ, ಪೆನ್ನು ಇಟ್ಟುಕೊಂಡು ಅಕ್ಕ ನನ್ನನ್ನು ಕರೆದಳು.

"ಮೊಂಡ, ಒಂದು ಅರ್ಜಿ ಬರೆದುಕೊಡೋ. ಆ ಮಂಗಳವಾರದ ಬಸ್ಸಿನ ಡ್ರೈವರು ಯಾರು ಅಂತ ನಿನಗೆ ಸಿಗುತ್ತಲ್ಲ, ಹೆಸರು ಹಾಕು."

"ಯಾಕಕ್ಕ ಈಗ ಅದೆಲ್ಲ?"

"ಕೆಲಸದಿಂದ ತೆಗೀಬೇಡಿ ಅಂತಾನೂ ಬರಿ. ಅವನಿಗೂ ಹೆಂಡತಿ ಮಕ್ಕಳು ಇರ್ತಾರೆ. ನನ್ನ ಎದುರಿಗೆ ಬಂದು, ಯಾಕೆ ಬರಲಿಲ್ಲ ಅಂತ ಒಂದು ಮಾತು ಹೇಳಲಿ. ಅಷ್ಟು ಸಾಕು ನನಗೆ."

ಡ್ರೈವರ್ ಕಾಯಿಲೆ ಬಿದ್ದಿದ್ದ, ಬೇರೆ ಕಡೆಗೆ ವರ್ಗವಾದ, ಇಂಥ ನಾಲ್ಕಾರು ಸುಳ್ಳು ನಾಲಿಗೆಯ ತುದಿಗೇ ಬಂದವು. ಅವಳು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆಗೆ ನೀಡಿದಳು.

"ಆ ಬಸ್ಸಿಗೆ ಡ್ರೈವರೇ ಇರಲಿಲ್ಲ ಅಕ್ಕ. ಬಸ್ಸೇ ಇರಲಿಲ್ಲ. ಸೋಮವಾರದಿಂದಲೇ ನಿಲ್ಲಿಸಿದ್ರು. ಕಾಗದ ಕೊಡಲಿಲ್ಲ ಅಂತ ನಾನು ಅಳಿಸಲಿಲ್ಲ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ಕಾದೆ. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಹಾಳೆಯನ್ನು ಎರಡು ಮಡಿಕೆ ಮಾಡಿದಳು.

"ಆ ಟ್ಯಾಕ್ಸಿಯವನಿಗೆ ನಿನ್ನ ಸುದ್ದಿ ಹೇಳಿದೆ ಕಣೋ" ಎಂದಳು. "ನನ್ನ ತಮ್ಮ ಬರೆದಿರೋದು, ತಪ್ಪಲ್ಲ ಅಂದೆ. ನಕ್ಕೊಂಡು ಹೋದ."

ಹೊತ್ತಾಯಿತೆಂದು ನನಗೆ ಊಟ ಬಡಿಸಿದಳು. ಉಣ್ಣು ಎಂದು ಒತ್ತಾಯ ಮಾಡಲಿಲ್ಲ, ಮೊಂಡ ಎಂದೂ ಕರೆಯಲಿಲ್ಲ.

ಮರುವಾರ ಭಾವನ ಮರಣ ಪ್ರಮಾಣಪತ್ರ ತರಲು ಆಸ್ಪತ್ರೆಗೆ ಹೋಗಬೇಕಿತ್ತು. ಅರ್ಧ ದಿನ ರಜೆ ಹಾಕಿ ನಾನೂ ಹೊರಟೆ. ಟ್ಯಾಕ್ಸಿಯಲ್ಲಿ ಹೋಗೋಣ ಎಂದರೆ ಬೇಡ ಎಂದಳು. ನಿಲ್ದಾಣದಲ್ಲಿ ನಿಂತು ನಕ್ಷೆ ತೆರೆದೆ. ಅದೂ ಸಾಲದೆಂದು ಡಿಪೋಗೆ ಫೋನು ಮಾಡಿ ಬಸ್ಸು ಹೊರಟಿದೆಯೇ ಎಂದು ಕೇಳಿದೆ. ಹೊರಟಿತ್ತು.

"ಆರು ನಿಮಿಷದಲ್ಲಿ ಬರುತ್ತೆ ಅಕ್ಕ. ನಾನೇ ಕೇಳಿದೀನಿ."

ಅಕ್ಕ ನನ್ನ ಕಡೆ ನೋಡಲಿಲ್ಲ. ಎರಡು ಹೆಜ್ಜೆ ಆಚೆ ಹೋಗಿ, ಬೆಂಚಿನ ಮೇಲೆ ಚೀಲ ಹಿಡಿದು ಕುಳಿತಿದ್ದ ಮುದುಕರೊಬ್ಬರ ಮುಂದೆ ಬಾಗಿ ಕೇಳಿದಳು.

"ಹನ್ನೆರಡನೇ ನಂಬರು ಬರುತ್ತಾ, ಗೊತ್ತಾ?"

"ಗೊತ್ತಿಲ್ಲಮ್ಮ, ಈ ಕಡೆಗೆ ನಾನು ಹೊಸಬ. ಬರಬಹುದು."

ಅಕ್ಕ ಸರಿ ಎಂದು ತಲೆಯಾಡಿಸಿ ಅವರ ಪಕ್ಕದಲ್ಲಿ ಕುಳಿತಳು.