ಸರ್ವರ್ ಬದಲಾದರೂ ಡಿಸ್ಕ್ ಒಂದೇ

೨೦೦೮ರ ಲಗ್ನದ ಹಂಗಾಮು. ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ರೇಣುವಿನ ಮೇಜಿನ ಫೋನು ರಿಂಗಾಯಿತು.

"ಮತ್ತ ನಿಂತದಲ್ಲವಾ! ಬಿಲ್ಲು ಹೊಂಟಿಲ್ಲ, ಗಿರಾಕಿ ಬಾಯಿಗೆ ಬಂದಂಗ ಬೈಲಿಕತ್ತಾರ."

ಪುಣೆಯ ಕ್ಯಾಂಪ್ ಪೇಟೆಯ ದೊಡ್ಡ ಸೀರೆ ಅಂಗಡಿಯ ಮ್ಯಾನೇಜರ್ ಶಿವರುದ್ರಪ್ಪನವರ ಕೂಗು. ಇಂಡಿ ಕಡೆಯವರು. ಪುಣೆಯ ಇನ್ನೊಂದು ಕಡೆ ಮಗರಪಟ್ಟಾದಲ್ಲಿದ್ದ ಈ ಕಂಪ್ಯೂಟರ್ ಆಫೀಸಿನಲ್ಲಿ ಕನ್ನಡ ಬಲ್ಲವಳು ರೇಣು ಒಬ್ಬಳೇ ಎಂದು ಗೊತ್ತಾದಂದಿನಿಂದ ಅವರು ಬೇರೆ ಯಾರಿಗೂ ಫೋನು ಮಾಡುತ್ತಿರಲಿಲ್ಲ.

"ನೋಡ್ತೀನ್ರೀ ಕಾಕಾ."

"ದಿನಾ ನೋಡ್ತೀಯಲ್ಲವಾ, ಏನ್ ಕಾಣಸ್ತು?"

ರೇಣು ಫೋನಿಟ್ಟು ಪರದೆಯತ್ತ ತಿರುಗಿದಳು. ಊರಿನ ಹಲವು ಅಂಗಡಿಗಳ ಲೆಕ್ಕ, ಬಿಲ್ಲುಗಳನ್ನು ಅವಳ ಕಂಪನಿ ತನ್ನ ಸರ್ವರ್‌ಗಳಲ್ಲಿ ನಡೆಸುತ್ತಿತ್ತು. ಪ್ರತಿ ಅಂಗಡಿಗೂ ಒಂದು ವರ್ಚುವಲ್ ಮೆಷಿನ್. ಅಂದರೆ ಒಂದೇ ಸರ್ವರ್‌ನೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಿದ್ದ ಹಾಗೆ. ಒಂದು ಸರ್ವರ್ ದಣಿದರೆ ಮೆಷಿನ್ ಬಂದ್ ಮಾಡದೆಯೇ ಇನ್ನೊಂದಕ್ಕೆ ಸಾಗಿಸಬಹುದಿತ್ತು. ಅದು ಅವಳ ಮ್ಯಾನೇಜರ್ ಸ್ವಪ್ನಿಲ್‌ನ ಹೆಮ್ಮೆ, ಅವನಿಗೆ ಗೊತ್ತಿದ್ದ ಒಂದೇ ಮದ್ದು.

"ಮೂರನೇ ಸರ್ವರ್‌ನಿಂದ ಐದಕ್ಕೆ ಹಾಕು," ಎಂದ ಮರಾಠಿಯಲ್ಲಿ. ಹಾಕಿದಳು. ಏನೂ ಆಗಲಿಲ್ಲ. ಮರುದಿನ ಐದರಿಂದ ಎರಡಕ್ಕೆ ಎಂದ. ಅದನ್ನೂ ಮಾಡಿದಳು.

ತಡೆಯಲಾರದೆ ಒಂದು ದಿನ ತಾನೇ ಕ್ಯಾಂಪಿನ ಸೀರೆ ಅಂಗಡಿಗೆ ಹೋದಳು. ಗಲ್ಲಾದ ಮುಂದೆ ಸಾಲು ನಿಂತಿತ್ತು. ಹುಡುಗಿಯೊಬ್ಬಳು ಕೀ ಒತ್ತಿ ಕೈಕಟ್ಟಿ ಕೂತಿದ್ದಳು, ಪರದೆ ಅಲ್ಲಾಡಲಿಲ್ಲ. ಮದುವೆಯ ಜವಳಿಗೆ ಬಂದಿದ್ದ ಹೆಂಗಸು ಆರಿಸಿದ್ದ ಸೀರೆಗಳನ್ನೆಲ್ಲ ಅಲ್ಲೇ ಬಿಟ್ಟು ಎದ್ದು ಹೋದಳು. ಶಿವರುದ್ರಪ್ಪ ಆ ಸೀರೆಗಳನ್ನು ಒಂದೊಂದಾಗಿ ಮಡಚಿಟ್ಟರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ರೇಣುವಿಗೆ.

ಆಫೀಸಿಗೆ ಮರಳಿ ಅವಳು ಮಾಡಿದ ಗಲಾಟೆಗೆ ಮಣಿದು ಸ್ವಪ್ನಿಲ್ ಹೊಸ ಸರ್ವರನ್ನೇ ತರಿಸಿದ. ರವಿವಾರ ಶಿವರುದ್ರಪ್ಪನವರ ಮೆಷಿನ್ನನ್ನು ಅದಕ್ಕೆ ಸಾಗಿಸಿದರು. ಸೋಮವಾರ ಅಂಗಡಿಗೆ ರಜೆ ಇರುತ್ತಿತ್ತು, ಲಗ್ನದ ಗದ್ದಲವೆಂದು ಆ ವಾರ ತೆರೆದಿದ್ದರು.

"ಏ ರೇಣವ್ವಾ, ಕುದರಿ ಓಡಿದಂಗ ಓಡ್ಲಿಕತ್ತದ!" ಎಂದು ಶಿವರುದ್ರಪ್ಪ ನಕ್ಕರು. ಸ್ವಪ್ನಿಲ್ ಆಫೀಸಿಗೆಲ್ಲ ಪೇಢೆ ಹಂಚಿದ.

ಮಂಗಳವಾರ ಮತ್ತೆ ನಿಂತಿತು.

ರೇಣುವಿಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರನ್ನೂ ಕೇಳದೆ ಡಿಸ್ಕ್‌ನ ವರದಿ ತೆಗೆದು ಕೂತಳು. ಸರ್ವರ್‌ಗಳು ಎಷ್ಟೇ ಇರಲಿ, ಎಲ್ಲ ಮೆಷಿನ್‌ಗಳ ಮಾಹಿತಿ ಇದ್ದದ್ದು ಒಂದೇ ಡಿಸ್ಕ್ ಪೆಟ್ಟಿಗೆಯಲ್ಲಿ. ಆ ಡಿಸ್ಕ್ ಸೋಮವಾರ ಇಡೀ ಬೆಳಿಗ್ಗೆ ಆರಾಮಾಗಿತ್ತು, ಮಂಗಳವಾರ ಉಸಿರಾಡಲೂ ಬಿಡುವಿಲ್ಲದಂತಿತ್ತು. ಕಾರಣ ಬ್ಯಾಕಪ್. ಎಲ್ಲ ಮೆಷಿನ್‌ಗಳ ಪ್ರತಿ ತೆಗೆಯುವ ಆ ಕೆಲಸವನ್ನು ಅಮೆರಿಕದ ಹೆಡ್ ಆಫೀಸು ರಾತ್ರಿಗೆಂದು ಇಟ್ಟಿತ್ತು, ಆದರೆ ತನ್ನ ರಾತ್ರಿಗೆ. ಅಲ್ಲಿ ರಾತ್ರಿಯಾದಾಗ ಪುಣೆಯಲ್ಲಿ ಅಂಗಡಿ ತೆರೆಯುವ ಹೊತ್ತು. ಅವರ ರವಿವಾರ ರಾತ್ರಿ ಬ್ಯಾಕಪ್ ಇರಲಿಲ್ಲ, ಹಾಗಾಗಿ ಇಲ್ಲಿಯ ಸೋಮವಾರ ಹಗುರ.

"ಮನೆ ಎಷ್ಟು ಸಲ ಬದಲಾಯಿಸಿದರೇನು ಸರ್, ಎಲ್ಲ ಮನೆಗೂ ನಲ್ಲಿ ಒಂದೇ," ಎಂದು ಸ್ವಪ್ನಿಲ್‌ಗೆ ತೋರಿಸಿದಳು. "ಬ್ಯಾಕಪ್ ಹೊತ್ತು ಬದಲಿಸಿದರೆ ಸಾಕು."

ಅವನು ವರದಿಯತ್ತ ಸರಿಯಾಗಿ ನೋಡಲೂ ಇಲ್ಲ. "ಹೊಸ ಸರ್ವರ್ ಸುಮ್ಮನೆ ತರಿಸಿದೆ ಅಂತ ಹೆಡ್ ಆಫೀಸಿಗೆ ನಾನು ಬರೆಯಲಾ? ಉಳಿದ ಮೆಷಿನ್‌ಗಳನ್ನೂ ಅದಕ್ಕೆ ಸಾಗಿಸು."

ಅವಳೇ ಹೆಡ್ ಆಫೀಸಿಗೆ ಬರೆದಳು. ಮ್ಯಾನೇಜರ್ ಮೂಲಕ ಬನ್ನಿ ಎಂದು ಉತ್ತರ ಬಂತು.

ಮರುದಿನ ಶಿವರುದ್ರಪ್ಪ ಫೋನು ಮಾಡಿದಾಗ ಅವಳು ಸ್ವಪ್ನಿಲ್ ಬರುತ್ತಿಲ್ಲವೆಂದು ಬಾಗಿಲ ಕಡೆ ನೋಡಿಕೊಂಡು ಹೇಳಿದಳು: "ಕಾಕಾ, ಸರ್ವರ್ ಬದ್ಲ್ ಮಾಡ್ರಿ ಅಂತ ಕೇಳಬ್ಯಾಡ್ರಿ. ನಮ್ಮ ಹಗಲಿನಾಗ ಬ್ಯಾಕಪ್ ಯಾಕ ಓಡಸ್ತೀರಿ ಅಂತ ಅಮೆರಿಕಾಕ್ಕ ಬರೀರಿ. ನಿಮ್ಮ ವ್ಯಾಪಾರಿ ದೋಸ್ತರಿಗೂ ಹೇಳ್ರಿ."

"ಬರೀಲಿಕ್ಕೆ ಬರೀತೀವಿ. ನಿನಗ ತ್ರಾಸ ಆಗೂದಿಲ್ಲೇನು?"

"ಆಗೂದು ಆಗ್ಯದ ಬಿಡ್ರಿ."

ಅಂಗಡಿಗಳಿಂದ ಅಮೆರಿಕಕ್ಕೆ ದೂರುಗಳು ಹೋದವು. ವಾರ ಕಳೆಯುವುದರೊಳಗೆ ಸ್ವಪ್ನಿಲ್ ಅವಳ ಮೇಜಿನ ಮುಂದೆ ಬಂದು ನಿಂತ. ಮುಖ ಕೆಂಪಾಗಿತ್ತು.

"ಬ್ಯಾಕಪ್ ವಿಷಯ ಸೀರೆ ಅಂಗಡಿಯವರಿಗೆ ಹೇಳಿದ್ದು ಯಾರು?"

"ನಾನು."

ಅವನು ಸರ್ರನೆ ತಿರುಗಿ ತನ್ನ ಕೋಣೆಗೆ ನಡೆದ. ದೂರುಗಳನ್ನು ಓದಿದ ಹೆಡ್ ಆಫೀಸು ಬ್ಯಾಕಪ್ಪನ್ನು ಪುಣೆಯ ರಾತ್ರಿಗೆ ಬದಲಿಸಿತ್ತು. ಬಿಲ್ಲುಗಳು ಪಟಪಟ ಬರತೊಡಗಿದವು. ಆದರೆ ಅಷ್ಟರಲ್ಲಿ ಹಂಗಾಮು ಹೆಚ್ಚುಕಡಿಮೆ ಮುಗಿದಿತ್ತು.

ತಿಂಗಳ ಕೊನೆಗೆ ಎಲ್ಲರಿಗೂ ಹೆಡ್ ಆಫೀಸಿನ ಮೇಲ್ ಬಂತು: ಹೊಸ ಸರ್ವರ್ ತರಿಸಿ ತೊಂದರೆ ನಿವಾರಿಸಿದ್ದಕ್ಕೆ ಸ್ವಪ್ನಿಲ್‌ಗೆ ಅಭಿನಂದನೆ. ರೇಣು ಅದನ್ನು ಎರಡೆರಡು ಸಲ ಓದಿದಳು. ಪಕ್ಕದ ಮೇಜಿನ ಸಪ್ನಾ, "ಕಾಯ್ ಝಾಲಂ?" ಎಂದು ಏನಾಯಿತೆಂದು ವಿಚಾರಿಸಿದಳು. ರೇಣು ಏನಿಲ್ಲ ಎಂದು ಕುರ್ಚಿ ಜೋರಾಗಿ ಹಿಂದೆ ತಳ್ಳಿ ಎದ್ದು, ಚಹಾ ಕುಡಿಯಲು ಒಬ್ಬಳೇ ಕೆಳಗಿಳಿದಳು.