ಕಪ್ಪೆಗೆ ಇಟ್ಟ ನೀರು

"ಮೊದಲ ಆ ನೀರ ಚೆಲ್ರಿ ಬೀಬಿ," ಎಂದ ಶಂಕ್ರಪ್ಪ, ಹಿತ್ತಲಿನ ಕಲ್ಲುಮರಿಗೆಯತ್ತ ಕೋಲು ತೋರಿಸಿ. ಯಲ್ಲಾಪುರದಲ್ಲಿ ಮನೆಮನೆಗೆ ಚಳಿಜ್ವರದ ಗುಳಿಗೆ ಹಂಚುತ್ತಿದ್ದ ಸರ್ಕಾರಿ ಮನುಷ್ಯ ಅವನು, ಧಾರವಾಡದ ಕಡೆಯವ. "ನಿಂತ ನೀರಾಗ ಸೊಳ್ಳಿ ಹುಟ್ಟತಾವ. ಜ್ವರ ಬರೂದು ಸೊಳ್ಳಿಯಿಂದನ. ನೀವು ನೋಡಿದ್ರ ತೊಟ್ಟಿಲ ಇರೋ ಕಿಡಕಿ ಬುಡಕ್ಕ ನೀರಿಟ್ಟೀರಿ."

ಜೈನಾಬ್ ಸೆರಗನ್ನು ಹಣೆಗೆಳೆದುಕೊಂಡಳು. ಅವಳು ಆ ನೀರಿಟ್ಟದ್ದೇ ಸೊಳ್ಳೆಯ ಕಾಟ ತಪ್ಪಲಿ ಅಂತ. ಎರಡು ವರ್ಷದ ಹಿಂದೆ ಇದೇ ಚಳಿಜ್ವರ ಅವಳ ಚೊಚ್ಚಲ ಮಗನನ್ನು ಒಯ್ದಿತ್ತು. ಈಗ ತೊಟ್ಟಿಲಲ್ಲಿ ಎಂಟು ತಿಂಗಳ ಆಯಿಷಾ.

ಉಪಾಯ ಹೇಳಿಕೊಟ್ಟವಳು ಹಾಲು ತರುವ ದ್ಯಾವಮ್ಮ. "ಕಪ್ಪೆ ಕರ್ಕಳಿ ಬೀಬಮ್ಮ. ನೆರಳಲ್ಲಿ ಒಡಕು ಮಡಕೆ ಬೋರಲು ಹಾಕಿ, ನುಗ್ಗೂಕೆ ಸಂದು ಬಿಡಿ. ಪಕ್ಕದಲ್ಲಿ ನೀರಿಟ್ಟು, ಹತ್ತಿ ಇಳೂಕೆ ಒಂದು ಕಲ್ಲು ಹಾಕಿ. ತಾವೇ ಬತ್ತವೆ. ಸೊಳ್ಳೆ ಗಿಳ್ಳೆ ಎಲ್ಲ ತಿಂತವೆ." ಹುಬ್ಬಳ್ಳಿ ಪೇಟೆಯಲ್ಲಿ ಹುಟ್ಟಿ ಬೆಳೆದ ಜೈನಾಬ್‌ಗೆ ಕಪ್ಪೆಯೆಂದರೆ ಮೈ ಜುಮ್ಮೆನ್ನುತ್ತಿತ್ತು. ಆದರೂ ಹೇಳಿದಷ್ಟೂ ಮಾಡಿದಳು. ಕಪ್ಪೆಗಳೂ ಕರೆದ ನೆಂಟರ ಹಾಗೆ ಬಂದು ಠಿಕಾಣಿ ಹೂಡಿದವು. ಒಂದು ತಿಂಗಳಿಂದ ಮಗುವಿನ ಮೈ ಬಿಸಿಯಾಗಿಲ್ಲ. ಹಾಗಾದರೆ ಯಾರ ಮಾತು ಸುಳ್ಳು?

ಸಂಜೆ ಹಾಲು ತಂದ ದ್ಯಾವಮ್ಮನನ್ನು ಕೈ ಹಿಡಿದು ಮರಿಗೆಯ ಹತ್ತಿರ ಎಳೆದೊಯ್ದಳು. ನೀರಿನ ತುಂಬ ಕಪ್ಪಗೆ ಏನೇನೋ ಮಿಡುಕುತ್ತಿದ್ದವು.

"ಇವು ಕಪ್ಪೆ ಮರಿ," ಎಂದಳು ದ್ಯಾವಮ್ಮ.

"ಈ ಸಣ್ಣವು?"

ದ್ಯಾವಮ್ಮ ಬಗ್ಗಿ ಬಗ್ಗಿ ನೋಡಿದಳು. "ಅವೂ ಎಂತದೋ ಹುಳ. ನಮ್ಮ ಅವ್ವ ಹೇಳಿದ್ದು ನಾ ಹೇಳ್ದೆ. ನಾ ಎಂತ ಓದಿದ್ನಾ ಬೀಬಮ್ಮ?"

ಅವಳು ಹೋದ ಮೇಲೆ ಜೈನಾಬ್ ಅಡಕತ್ತರಿಗೆ ಸಿಕ್ಕ ಅಡಿಕೆಯಾದಳು. ಚೆಲ್ಲಿದರೆ ಕಪ್ಪೆ ಹೋದಾವು, ಚೆಲ್ಲದಿದ್ದರೆ ಸೊಳ್ಳೆ ಹುಟ್ಟೀತು. ಕಡೆಗೆ ತಂಬಿಗೆ ತಂದು ನೀರು ಮೊಗೆಮೊಗೆದು ಚೆಲ್ಲಿದಳು. ಅರ್ಧ ಆಗುತ್ತಲೇ ಹೆದರಿ ನಿಲ್ಲಿಸಿದಳು.

ಗಾಡಿ ಹೊಡೆದು ಬಂದ ಗಂಡ ಕರೀಂ ಎಲ್ಲ ಕೇಳಿ, ಅರ್ಧ ಬರಿದಾದ ಮರಿಗೆ ನೋಡಿ ನಕ್ಕ. "ಅರ್ಧ ಚೆಲ್ಲು ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಇಬ್ಬರೂ ಒಳ್ಳೇದಕ್ಕೇ ಹೇಳಿದ್ರು," ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂತು.

ಒಳಗೆ ಮಗು ಮುಲುಗಿತು. ಜೈನಾಬ್ ಓಡಿಹೋಗಿ ಹಣೆ ಮುಟ್ಟಿದಳು. "ಬಿಸಿ ಇದೆ, ನೋಡಿ."

ಕರೀಂ ಮುಟ್ಟಿದ. ದಿನವಿಡೀ ಬಿಸಿಲಲ್ಲಿ ಹಗ್ಗ ಹಿಡಿದು ಕಾದ ಕೈ. "ಎಲ್ಲಿ? ತಣ್ಣಗಿದೆಯಲ್ಲ."

"ಬಿಸಿ ಇದೆ."

"ನಿನ್ನ ಕೈಯೇ ನೀರಲ್ಲಿ ನೆಂದು ಕೊರೆಯುತ್ತಿದೆ ಮಾರಾಯ್ತಿ."

ಜೈನಾಬ್ ತನ್ನ ಕೈಗಳನ್ನು ನೋಡಿಕೊಂಡಳು. ಸೆರಗಿನಿಂದ ಒರೆಸಿ, ಕಂಕುಳಲ್ಲಿ ಅವುಚಿಕೊಂಡು, ಅವು ಬೆಚ್ಚಗಾಗುವುದನ್ನೇ ಕಾಯುತ್ತ ತೊಟ್ಟಿಲ ಪಕ್ಕ ಕೂತಳು.