ನಮ್ಮ ಸಾಲಿಗೆಲ್ಲ ಒಂದೇ ಜಾಕೆಟ್ಟು

ನಾನು ಒಂದು ಜಾಕೆಟ್ಟು. ಸಾಫ್ಟ್ ಶೆಲ್ ಎಂಬುದು ನನ್ನ ಜಾತಿಯ ಹೆಸರು. ರೇನ್‌ಕೋಟಲ್ಲ, ಸ್ವೆಟರೂ ಅಲ್ಲ, ಎರಡರ ನಡುವೆ ಎಲ್ಲೋ ಇರುವಂಥದ್ದು. ಗಾಳಿಯನ್ನು ತಡೆಯುತ್ತೇನೆ, ಹನಿ ಮಳೆಯನ್ನು ಮೈಮೇಲಿಂದ ಜಾರಿಸುತ್ತೇನೆ, ಒಳಗಿನ ಬೆವರಿಗೆ ಹೊರಗಿನ ದಾರಿ ಬಿಡುತ್ತೇನೆ. ತಡೆಯುತ್ತಿದ್ದೆ, ಜಾರಿಸುತ್ತಿದ್ದೆ, ಬಿಡುತ್ತಿದ್ದೆ ಎನ್ನಬೇಕು. ಈಗ ವಯಸ್ಸಾಯಿತು, ಜಂಬ ಕೊಚ್ಚಿಕೊಳ್ಳಲೂ ಬೇಸರ.

ಥಂಡಿಗೆಂದು ಹುಟ್ಟಿದ ನಾನು ಕಣ್ಣು ಬಿಟ್ಟಿದ್ದು ಸೆಕೆಯಲ್ಲಿ. ದೊಡ್ಡಬಳ್ಳಾಪುರದ ಆಚೆ, ತಗಡಿನ ಮಾಡಿನ ಒಂದು ಗಾರ್ಮೆಂಟ್ ಶೆಡ್ಡು. ಎಡದೋಳು ಹೊಲಿದವಳು ಒಬ್ಬಳು, ಬಲದೋಳು ಹೊಲಿದವಳು ಇನ್ನೊಬ್ಬಳು, ಜಿಪ್ ಕೂರಿಸಿದವಳಿಗೆ ಅವತ್ತು ಜ್ವರ. ಇಪ್ಪತ್ತು ಮಂದಿ ತಾಯಂದಿರಿದ್ದರೂ ನನ್ನನ್ನು ಒಮ್ಮೆ ತೊಟ್ಟು ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕಡೆಯವಳು ಪಕ್ಕೆಯ ಒಳಗೆ ಸಣ್ಣ ಬಿಳಿ ಚೀಟಿಯೊಂದನ್ನು ಹೊಲಿದಳು. ಬಿಸಿನೀರು ಬೇಡ, ಬಟ್ಟೆ ಮೆದುಮಾಡುವ ಸುವಾಸನೆಯ ದ್ರವ ಬೇಡ, ಇಸ್ತ್ರಿ ಬೇಡ ಎಂದು ಅದರಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದೆ. ನನ್ನ ಜಾತಕ ಅಷ್ಟೇ. ಅದನ್ನು ಓದಿದವರು ಒಬ್ಬರೇ ಒಬ್ಬರು.

ಅವಳು ಕಸ್ತೂರಿ ಮುದೇನೂರ, ಬಾಗಲಕೋಟೆ ನವನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಊರೆಲ್ಲ ಅವಳಿಗೆ ಬಹುವಚನ ಹಚ್ಚಿ ಮಾತಾಡುತ್ತದೆ. ಮೈಗೆ ಅಂಟಿ ಬಾಳಿದ ನನಗೆ ಅದು ಬಾಯಿಗೆ ಬರುವುದಿಲ್ಲ. ಇಪ್ಪತ್ತೈದು ವರ್ಷ ಮೈದಾನದ ಅಂಚಿನಲ್ಲಿ ಸೀಟಿ ಕಚ್ಚಿ ನಿಂತು, ಪರರ ಮಕ್ಕಳನ್ನು ಓಡಿಸಿದವಳು. ತಾನು ಮಾತ್ರ ಬೆಳಗಾವಿ, ಬೆಂಗಳೂರು ದಾಟಿದವಳಲ್ಲ. ಐವತ್ತು ತುಂಬಿದ ವರ್ಷ ಅವಳಿಗೊಂದು ಆಸೆ ಹತ್ತಿತು: ಹಿಮಾಚಲದಲ್ಲಿ ಹದಿಮೂರು ಸಾವಿರ ಅಡಿ ಎತ್ತರದ ಒಂದು ಘಾಟಿಯನ್ನು ಕಾಲ್ನಡಿಗೆಯಲ್ಲಿ ಹತ್ತಿ ಹಿಮ ತುಳಿಯಬೇಕು. ಚಾರಣದ ಸಂಘವೊಂದು ಪ್ರತಿ ಮೇ ತಿಂಗಳು ತಂಡ ಕರೆದೊಯ್ಯುತ್ತಿತ್ತು. ಅರವತ್ತು ತುಂಬಿದವರಿಗೆ ಪ್ರವೇಶವಿರಲಿಲ್ಲ. ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ನನ್ನ ಜಾತಿಯ ಹೆಸರೂ ಇತ್ತು.

ಕ್ರೀಡಾಕೂಟಕ್ಕೆಂದು ಬೆಳಗಾವಿಗೆ ಬಂದಾಗ ನಾನು ನೇತಾಡುತ್ತಿದ್ದ ಅಂಗಡಿಗೆ ನುಗ್ಗಿದಳು. ಅಂಗಡಿಯವನು ಗುಲಾಬಿ ಬಣ್ಣದ್ದೊಂದನ್ನು ಮುಂದಿಟ್ಟ.

"ಲೇಡೀಸಿಗೆ ಇದು ಛಲೋ ಕಾಣತೈತ್ರಿ."

"ನಾ ಗುಡ್ಡ ಹತ್ತಾಕ ಹೊಂಟೀನಿ, ಮದವಿಗಲ್ಲ," ಎಂದು ಅದನ್ನು ಸರಿಸಿ, ಬೂದಿ ಬೆರೆತ ನೀಲಿಯ ನನ್ನನ್ನು ಇಳಿಸಿಕೊಂಡಳು. ತೋಳಿನ ಬಟ್ಟೆಯನ್ನು ತುಟಿಗೆ ಒತ್ತಿ ಊದಿದಳು, ಉಸಿರು ಆಚೆ ದಾಟಲಿಲ್ಲ. ತೊಟ್ಟುಕೊಂಡು ಅಂಗಡಿಯ ನಡುವೆಯೇ ಡ್ರಿಲ್ ಶುರು ಮಾಡಿದಳು. ಕೈ ಮೇಲೆ, ಕೈ ಪಕ್ಕಕ್ಕೆ, ಬಗ್ಗು, ಕುಕ್ಕರಿಸು. ಕೈ ಎತ್ತಿದರೆ ಸೊಂಟ ಬಯಲಾಗುತ್ತದೆಯೇ, ಕತ್ತು ತಿರುಗಿಸಿದರೆ ಟೊಪ್ಪಿಗೆಯೂ ಜೊತೆಗೆ ತಿರುಗುತ್ತದೆಯೇ, ಒಳಗೊಂದು ತೆಳು ಸ್ವೆಟರು ಹಿಡಿಸುತ್ತದೆಯೇ, ಕಂಕುಳ ಜಿಪ್ಪು ಕೈಗವಸು ಹಾಕಿದ ಬೆರಳಿಗೆ ಸಿಗುತ್ತದೆಯೇ, ಎಲ್ಲವನ್ನೂ ಪರೀಕ್ಷೆ ಮಾಡಿದಳು. ಆಮೇಲೆ ಕನ್ನಡಕ ಏರಿಸಿ ಚೀಟಿ ಓದಿದಳು.

"ಜೋರ ಮಳಿ ಬಂದ್ರ?"

"ಜೋರ ಮಳಿಗೆ ಇದರ ಮ್ಯಾಲೆ ರೇನ್‌ಕೋಟ ಬೇಕ್ರೀ ಟೀಚರ್. ಇದು ಗಾಳಿಗೆ, ಹನಿ ಮಳಿಗೆ ಅಷ್ಟ."

"ಖರೇ ಹೇಳಿದ್ರಿ. ಕಟ್ರಿ."

ನನಗೆ ಅವತ್ತು ಎಷ್ಟು ಸಂತೋಷವಾಯಿತೆಂದರೆ, ಬಾಗಲಕೋಟೆಯ ಬಿಸಿಲು ಎಂಥದೆಂದು ಕೇಳುವುದನ್ನೇ ಮರೆತೆ. ಅವಳ ಗಂಡ ಶಿವಲಿಂಗಪ್ಪ, ನೀರಾವರಿ ಕಚೇರಿಯ ಗುಮಾಸ್ತ, ಬನಿಯನ್ನಿನಲ್ಲಿ ಕೂತು ಬೀಸಣಿಕೆ ಆಡಿಸುತ್ತಿದ್ದವನು ನನ್ನನ್ನು ಕಂಡು ಹೊಟ್ಟೆ ಹಿಡಿದು ನಕ್ಕ. "ಈ ಊರಾಗ ಜಾಕೆಟ್ಟ! ಹಪ್ಪಳ ಒಣಗಿಸೂ ಜಾಗಾದಾಗ ಕಂಬಳಿ ತಂದಂಗಾತು." ನಕ್ಕರೂ ಅಲಮಾರಿಯಲ್ಲಿ ನನಗೆ ಜಾಗ ಮಾಡಿ, ಎರಡು ನುಸಿಗುಳಿಗೆ ಜೇಬಿಗೆ ಹಾಕಿದವನು ಅವನೇ.

ಮೊದಲ ಮೇ ತಿಂಗಳು ಹೊರಡಲು ಐದು ದಿನ ಇರುವಾಗ ಶಿವಲಿಂಗಪ್ಪನ ಪಿತ್ತಕೋಶದ ಕಲ್ಲು ಎದ್ದು ಕೂತಿತು. ಆಪರೇಷನ್ ಆಯಿತು, ರೈಲಿನ ಟಿಕೆಟ್ ರದ್ದಾಯಿತು. ರೋಗಿಯನ್ನು ಮಾತಾಡಿಸಲು ಬಾಳೆಹಣ್ಣು ಹಿಡಿದು ಬಂದ, ಅದೇ ಸಾಲಿನ ನಾಲ್ಕನೇ ಮನೆಯ ನೀಲವ್ವ, ತೆರೆದ ಅಲಮಾರಿಯಲ್ಲಿ ನನ್ನನ್ನು ನೋಡಿದಳು. ಅವಳ ಗಂಡ ಆ ವಾರವೇ ಕೇದಾರಕ್ಕೆ ಹೊರಟಿದ್ದ.

"ಹೆಂಗೂ ಖಾಲಿ ತೂಗಾಕತ್ತೈತೆಲ್ರೀ ಟೀಚರ್. ಎಂಟ ದಿನದ ಮಾತು."

ಕಸ್ತೂರಿ ಕ್ಷಣ ಹೊತ್ತು ನನ್ನ ತೋಳು ಹಿಡಿದು ನಿಂತಳು. ಆಮೇಲೆ ಕೊಟ್ಟಳು.

ಅಷ್ಟೇ ಸಾಕಾಯಿತು. ಬೆಚ್ಚನೆಯ ಬಟ್ಟೆ ಯಾರ ಮನೆಯಲ್ಲೂ ಇಲ್ಲದ ಊರು ಅದು. ನಮ್ಮ ಸಾಲಿನಿಂದ ಉತ್ತರಕ್ಕೆ ಹೊರಟವರೆಲ್ಲ ಮೊದಲು ಅವಳ ಬಾಗಿಲು ಬಡಿದರು. ಕೇದಾರಕ್ಕೆ ಮೂರು ಸಲ ಹೋದೆ. ಮಾಘದ ಚಳಿಯಲ್ಲಿ ಕಾಶಿಯ ಗಂಗೆಯ ಮೆಟ್ಟಿಲ ಮೇಲೆ ನಿಂತೆ. ನದಾಫ ಮಾಸ್ತರರ ಮೈಮೇಲೆ ಕಾಶ್ಮೀರ ಕಂಡೆ. ಹೊಸ ಮದುಮಗನೊಬ್ಬನ ಜೊತೆ ಮನಾಲಿಗೂ ಹೋದೆ. ಅವನು ಫೋಟೋ ತೆಗೆಸಿಕೊಳ್ಳುವಾಗ ಮಾತ್ರ ನನ್ನನ್ನು ಕಳಚಿಡುತ್ತಿದ್ದ, ಶರ್ಟು ಕಾಣಬೇಕಲ್ಲ! ಎಷ್ಟು ಬೆನ್ನುಗಳು, ಎಷ್ಟು ಬೆವರು, ಎಷ್ಟು ನಮೂನೆಯ ಗೊರಕೆ. ಹಿಗ್ಗಿ ಕುಗ್ಗಿ ನನ್ನ ಭುಜ ಯಾರ ಅಳತೆಯದೂ ಅಲ್ಲದಂತಾಯಿತು.

ದಣಿದದ್ದು ಬೆಟ್ಟ ಹತ್ತಿ ಅಲ್ಲ, ನಮ್ಮವರ ಮರ್ಯಾದೆಯಿಂದ. ಎರವಲು ತಂದ ಬಟ್ಟೆಯನ್ನು ಹಾಗೇ ಹಿಂದಿರುಗಿಸುವುದು ನಮ್ಮಲ್ಲಿ ಅವಮಾನ. ಒಗೆದು, ಇಸ್ತ್ರಿ ಮಾಡಿಯೇ ಕೊಡಬೇಕು. ಒಗೆಯಬೇಡಿ ಎಂದು ಕಸ್ತೂರಿ ಹೇಳಿಯೇ ಕೊಡುತ್ತಿದ್ದಳು, ಅವರು ಅದನ್ನು ಸಂಕೋಚದ ಮಾತೆಂದುಕೊಳ್ಳುತ್ತಿದ್ದರು. ನೀಲವ್ವ ಕುದಿಯುವ ನೀರಿಗೆ ಸೋಡಾ ಹಾಕಿ ನನ್ನನ್ನು ಅದ್ದಿದಳು. ಮಾಸ್ತರರ ಹೆಂಡತಿ ಮಲ್ಲಿಗೆ ವಾಸನೆಯ ದ್ರವದಲ್ಲಿ ಒಂದು ಹಗಲು ನೆನೆಹಾಕಿದಳು. ಮದುಮಗನ ತಾಯಿಯಂತೂ ಇದ್ದಿಲ ಇಸ್ತ್ರಿಯವನಿಗೆ ಕೊಟ್ಟು, "ಗಟ್ಟಿ ತಿಕ್ಕೋ ತಮ್ಮ, ಟೀಚರಂದು" ಎಂದಳು. ಗೌರವ ಹೆಚ್ಚಾದಷ್ಟೂ ಕಾವು ಹೆಚ್ಚು. ನೀರು ಜಾರಿಸುವ ನನ್ನ ಮೇಲ್ಮೈ ವರ್ಷ ವರ್ಷವೂ ಸತ್ತಿತು. ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ಗಾಳಿ ತಡೆಯುವ ತೆಳು ಪೊರೆಯೊಂದಿತ್ತು, ಅದೂ ಹೊರಗೆ ಗೊತ್ತಾಗದಂತೆ ಸುಟ್ಟು ಪಕಳೆ ಪಕಳೆಯಾಗಿ ಏಳತೊಡಗಿತು. ಯಾರನ್ನು ಬೈಯಲಿ? ಎಲ್ಲರೂ ಒಳ್ಳೆಯವರೇ. ಜೇಬಿನಲ್ಲಿ ಪ್ರಸಾದ ಇಟ್ಟೇ ನನ್ನನ್ನು ಮರಳಿಸುತ್ತಿದ್ದರು.

ಪ್ರತಿ ಸಲ ನಾನು ಮರಳಿದಾಗ ಕಸ್ತೂರಿ ತಂದವರನ್ನು ಕೂರಿಸಿ, ಚಹಾ ಕೊಟ್ಟು, ಆಸೆಯಿಂದ ಕೇಳುತ್ತಿದ್ದಳು. "ಹೆಂಗಿತ್ರೀ ಅಲ್ಲೆ? ಹಿಮ ಹೆಂಗಿರತೈತಿ?"

"ಭಾಳ ಥಂಡಿ ನೋಡ್ರಿ. ರೊಟ್ಟಿ ಮಾತ್ರ ಎಲ್ಲೂ ಸಿಗಲಿಲ್ಲ."

ಎಲ್ಲರದೂ ಅದೇ ಉತ್ತರ. ನನಗೆ ಬಾಯಿ ಇದ್ದಿದ್ದರೆ ಹೇಳುತ್ತಿದ್ದೆ, ಬೆಳಗಿನ ಮೊದಲ ಬಿಸಿಲು ಹಿಮದ ಮೇಲೆ ಬೀಳುವಾಗ ಏನಾಗುತ್ತದೆ ಎಂದು. ಅವಳು ನನ್ನನ್ನು ಮಡಚಿ ಒಳಗಿಡುವಾಗ ತೋಳನ್ನೊಮ್ಮೆ ಸವರುತ್ತಿದ್ದಳು. ಅವಳು ಕಾಣದ್ದನ್ನು ಕಂಡು ಬಂದ ನನಗೆ ಆ ಹೊತ್ತಿಗೆ ನಾಚಿಕೆಯಾಗುತ್ತಿತ್ತು.

ಅವಳ ಮೇ ತಿಂಗಳುಗಳು ಹೀಗೇ ಸೋರಿ ಹೋದವು. ಒಂದು ವರ್ಷ ಚುನಾವಣೆಯ ಡ್ಯೂಟಿ. ಒಂದು ವರ್ಷ ಮಗಳ ಬಾಣಂತನ, ಎರಡು ವರ್ಷ ಬಿಟ್ಟು ಮತ್ತೆ ಬಾಣಂತನ. ನಡುವೆ ಕೊರೋನಾ ಬಂದು ಜಗತ್ತೇ ಬಾಗಿಲು ಹಾಕಿತು. ಆಮೇಲೆ ಅವಳದೇ ಮೊಣಕಾಲು. ಶಿವಲಿಂಗಪ್ಪ ಸಿಡುಕುತ್ತಿದ್ದ. "ಕೊಟ್ಟಾಂವ ಕೋಡಂಗಿ, ಇಸಗೊಂಡಾಂವ ಈರಭದ್ರ ಅಂತ ಸುಳ್ಳ ಅಂದಾರೇನು? ಮಂದಿ ಎಲ್ಲಾ ಹಿಮಾಲಯ ನೋಡಿ ಬಂದ್ರು. ನೀ ಇನ್ನೂ ಹಿತ್ತಲದಾಗ ಜಾಕೆಟ್ಟ ಒಣಗಸ್ಕೋತ ಕುಂತಿ."

ಅವಳು ಮರುದಿನ ಬೆಳಿಗ್ಗೆ ಮೈದಾನದಲ್ಲಿ ಎಂಟು ಸುತ್ತು ಹೆಚ್ಚಿಗೆ ನಡೆಯುತ್ತಿದ್ದಳು.

ಐವತ್ತೊಂಬತ್ತರ ವರ್ಷ ಬಂತು. ಬರುವ ಆಷಾಢಕ್ಕೆ ಅರವತ್ತು. ಈ ಮೇ ಬಿಟ್ಟರೆ ಮುಗಿಯಿತು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಡಾಕ್ಟರ ಸರ್ಟಿಫಿಕೇಟು ಆಯಿತು, ಟಿಕೆಟ್ಟೂ ಆಯಿತು. ಏಪ್ರಿಲ್ ಕೊನೆಗೆ ನೀಲವ್ವ ಬಂದಳು, ಅಳಿಯ ಕೇದಾರಕ್ಕೆ ಹೊರಟಿದ್ದಾನಂತೆ.

"ಈ ಸಲ ಆಗೂದಿಲ್ರೀ ನೀಲವ್ವ. ನಾನ ಹೊಂಟೀನಿ."

"ನೀವಾ? ಈ ವಯಸ್ಸಿನಾಗ?" ನೀಲವ್ವ ಬಾಯಿಗೆ ಸೆರಗು ಹಚ್ಚಿದಳು. "ಟೀಚರ್, ಅಂವ ಆಗಲೇ ನಾ ತಂದು ಕೊಡ್ತೀನಂತ ನಂಬ್ಯಾನಲ್ರೀ."

"ನಾನೂ ಒಂಬತ್ತ ವರ್ಷ ನಂಬ್ಕೊಂಡ ಕುಂತೀನಿ." ಕಸ್ತೂರಿ ಅಲಮಾರಿಯ ಬಾಗಿಲು ಹಾಕಿದಳು. "ಕೊಡೂದಿಲ್ರೀ."

ನಮ್ಮ ಸಾಲಿನಲ್ಲಿ ಆ ಮಾತನ್ನು ಯಾರೂ ಹಿಂದೆಂದೂ ಕೇಳಿರಲಿಲ್ಲ. ನೀಲವ್ವ ಚಹಾ ಅರ್ಧಕ್ಕೆ ಬಿಟ್ಟು ಹೋದಳು, ಮಾತು ಬಿಟ್ಟಳು. ನನಗೆ ಮಾತ್ರ ಹಬ್ಬ. ದಣಿದ ಎತ್ತಿಗೂ ಸ್ವಂತ ಹೊಲದ ದಾರಿ ಭಾರವೆನಿಸುವುದಿಲ್ಲ.

ಹಿಮಾಚಲ ಮುಟ್ಟಿದ ಮೇಲೆ, ಮೊದಲ ದಿನದ ಬೀಡಿನಿಂದ ಸುಮ್ಮನೆ ತೆಳುಗಾಳಿಗೆ ಉಸಿರು ಪಳಗಲೆಂದು ಒಂದು ಗುಡ್ಡ ಹತ್ತಿಸಿದರು. ಅವಳು ನನ್ನನ್ನು ತೊಟ್ಟು ಹುಡುಗಿಯಂತೆ ನಡೆದಳು. ಅರ್ಧ ದಾರಿಗೆ ಗಾಳಿ ಎದ್ದಿತು, ಹಿಂದೆಯೇ ಹನಿ ಮಳೆ. ನನಗೆಂದೇ ಹೇಳಿ ಮಾಡಿಸಿದಂಥ ಮಳೆ. ಇನ್ನೇನು ಜಾರಿಸಬೇಕು ಎನ್ನುವಷ್ಟರಲ್ಲಿ ಹನಿಗಳೆಲ್ಲ ನನ್ನೊಳಗೆ ಇಳಿದವು. ಭುಜ ನೆನೆಯಿತು, ಬೆನ್ನು ನೆನೆಯಿತು, ಗಾಳಿ ನೇರ ಅವಳ ಎದೆ ಹೊಕ್ಕಿತು. ಮಳೆ ಜೋರಾಗಲಿಲ್ಲವೆಂದು ಅವಳು ರೇನ್‌ಕೋಟನ್ನು ಚೀಲದಿಂದ ತೆಗೆದಿರಲಿಲ್ಲ. ನನ್ನನ್ನು ನಂಬಿದ್ದಳು. ಅವಳ ಹಲ್ಲು ಕಟಕಟನೆ ಬಡಿದುಕೊಳ್ಳುವುದು ನನಗೆ ಕೇಳಿಸುತ್ತಿತ್ತು. ಒಂಬತ್ತು ವರ್ಷ ಊರವರನ್ನೆಲ್ಲ ಬೆಚ್ಚಗಿಟ್ಟು, ಅವಳ ಸರದಿಗೆ ಕೈಕೊಟ್ಟೆ. ಅಂಥ ದುಃಖವನ್ನು ನಾನು ಮತ್ತೆಂದೂ ಪಟ್ಟಿಲ್ಲ.

ತಂಡದ ನಾಯಕ ಬೆಳಗಾವಿ ಕಡೆಯ ನಿವೃತ್ತ ಸುಬೇದಾರ ದುಂಡಪ್ಪ ಕಾಂಬಳೆ. ಮರುದಿನ ಬೆಳಿಗ್ಗೆ ನನ್ನನ್ನು ಒಳಹೊರಗು ಮಾಡಿ ಕೊಡವಿದ. ಸುಟ್ಟ ಪೊರೆಯ ಚೂರುಗಳು ಅವನ ಅಂಗೈಯಲ್ಲಿ ಉಳ್ಳಾಗಡ್ಡಿ ಸಿಪ್ಪೆಯಂತೆ ಉದುರಿದವು.

"ಇದು ಸತ್ತೈತ್ರಿ ಟೀಚರ್. ಇದನ್ನ ತೊಟ್ಕೊಂಡು ಮ್ಯಾಲೆ ಹತ್ತಾಕ ಬಿಡೂದಿಲ್ಲ ನಾ. ಇಲ್ಲೆ ಬಾಡಿಗಿಗೆ ಸಿಗತಾವ, ಬ್ಯಾರೇದು ತಗೋರಿ. ಇಲ್ಲಂದ್ರ ಇಲ್ಲೇ ಇರ್ರಿ."

"ಒಳಗ ಎರಡ ಸ್ವೆಟರ್ ಹಾಕ್ಕೊಂತೀನ್ರಿ."

"ಮ್ಯಾಲೆ ನೆಂದ್ರ ನಾವು ಕೆಳಗ ತರೂದು ಹೆಣಾನ್ರಿ."

ಅವಳು ಬಹಳ ಹೊತ್ತು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹಟ ಮಾಡುತ್ತಾಳೆ ಎಂದುಕೊಂಡೆ. ಹಟ ಮಾಡಲಿ ಎಂದೂ ಅಂದುಕೊಂಡೆ, ದೇವರು ಕ್ಷಮಿಸಲಿ. ಆಮೇಲೆ ಅವಳು ಎದ್ದಳು. "ಬೂಟ ಇಲ್ಲದ ಹುಡಿಗ್ಯಾರನ್ನ ನಾನೂ ಗ್ರೌಂಡಿನಿಂದ ಹೊರಗ ಹಾಕೀನ್ರಿ ಸುಬೇದಾರ್ರ. ಅತ್ತರೂ ಬಿಟ್ಟಿಲ್ಲ." ಹೋಗಿ, ಗಂಡಸರ ಅಳತೆಯ ಕೆಂಪು ಜಾಕೆಟ್ಟೊಂದನ್ನು ತಂದು ತೊಟ್ಟಳು. ತೋಳು ಉದ್ದವಾಗಿ ಎರಡು ಮಡಿಕೆ ಹಾಕಿದಳು. ನನ್ನನ್ನು ಇಸ್ತ್ರಿಯ ಗೆರೆಯ ಮೇಲೆ ಅಲ್ಲ, ತನಗೆ ಬಂದಂತೆ ಮಡಚಿ, ಬಿಟ್ಟುಹೋಗುವ ಸಾಮಾನಿನ ಗೋಣಿಚೀಲದಲ್ಲಿ ಇಟ್ಟಳು.

"ನೀ ಭಾಳ ದಣದೀದಿ. ಇಲ್ಲೇ ಇರು," ಎಂದಳು. ಅವಳು ನನ್ನ ಜೊತೆ ಮಾತಾಡಿದ್ದು ಅದೊಂದೇ ಸಲ.

ಆರು ದಿನ ಯಾರದೋ ಚಪ್ಪಲಿ, ಯಾರದೋ ಟವೆಲುಗಳ ನಡುವೆ ಬಿದ್ದಿದ್ದೆ. ಏಳನೆಯ ದಿನ ಚೀಲದ ಬಾಯಿ ಬಿಚ್ಚಿತು. ಅವಳ ಮೂಗಿನ ಚರ್ಮ ಸುಲಿದಿತ್ತು, ತುಟಿ ಒಡೆದಿತ್ತು. ನನ್ನನ್ನು ಹೆಗಲಿಗೆ ಹಾಕಿಕೊಂಡು, ಸಿಗ್ನಲ್ ಸಿಗುವ ಕಟ್ಟೆಯವರೆಗೆ ನಡೆದು ಗಂಡನಿಗೆ ಫೋನು ಹಚ್ಚಿದಳು.

"ಹತ್ತಿದೆ," ಎಂದಳು. ಅತ್ತ ಕಡೆಯಿಂದ ಶಿವಲಿಂಗಪ್ಪ ಏನೋ ಕೇಳಿದ. "ಹೂಂ ರೀ, ಪೂರಾ ಹತ್ತಿದೆ." ಮುಂದಿನದು ಹೇಳಲಾಗದೆ ನನ್ನ ತೋಳಿಗೆ ಮುಖ ಒತ್ತಿ ಅತ್ತಳು. ಆ ನೀರನ್ನೂ ನಾನು ಜಾರಿಸಲಿಲ್ಲ, ಹೀರಿಕೊಂಡೆ. ನಾನು ಕೆಟ್ಟಿದ್ದು ಒಂದು ಹೊತ್ತಿಗಾದರೂ ಒಳ್ಳೆಯದಾಯಿತು.

ಈಗ ನಾನು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿದ್ದೇನೆ. ನನ್ನನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ನೀಲವ್ವ ಬರುತ್ತಾಳೆ, ಮಾತು ಮತ್ತೆ ಕೂಡಿದೆ. ಡಿಸೆಂಬರಿನ ನಾಲ್ಕಾರು ಮುಂಜಾನೆ ಕಸ್ತೂರಿ ನನ್ನನ್ನು ತೊಟ್ಟು ಹಾಲು ತರಲು ಹೋಗುತ್ತಾಳೆ, ಅಷ್ಟೇ ನನ್ನ ಕೆಲಸ. ಕೆಲವೊಮ್ಮೆ ಒಲೆಯ ಮುಂದೆ ನಿಂತವಳು ಕೈ ತಡೆದು, ಎದುರಿನ ಗೋಡೆ ನೋಡುತ್ತ ತನ್ನಷ್ಟಕ್ಕೆ ನಗುತ್ತಾಳೆ, ರೊಟ್ಟಿ ಸೀಯುತ್ತದೆ. ಕೇದಾರ, ಕಾಶಿ, ಕಾಶ್ಮೀರ, ಮನಾಲಿ ಎಲ್ಲ ನಾನು ನೋಡಿದ್ದೇನೆ. ಅವಳು ಹತ್ತಿದ ಆ ಘಾಟಿಯನ್ನು ನಾನು ನೋಡಿಲ್ಲ. ನಮ್ಮ ಸಾಲಿನಲ್ಲಿ ಯಾರೂ ನೋಡಿಲ್ಲ. ಅದು ಅವಳೊಬ್ಬಳದು.